ಹಾಲಸಿದ್ದಪ್ಪ ಬದುಕಿದ್ದಾನೆಂದು ತೋರಿಸಿದ್ದು

"ಹಂಗ ನಡೀಬ್ಯಾಡ್ರಿ. ಅವರು ಎಡಗಾಲು ಎಳೀತಿದ್ರು," ಎಂದಳು ದಾಕ್ಷಾಯಣಮ್ಮ.

ಸಿರುಗುಪ್ಪ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಮುದುಕ ಮತ್ತೊಮ್ಮೆ ಎಡಗಾಲು ಎಳೆದು ತೋರಿಸಿದ. ಬಾದನಹಟ್ಟಿಯಿಂದ ದಾರಿಯುದ್ದಕ್ಕೂ ಇದೇ ಪಾಠ. ಮನೆಯಲ್ಲಿ ಸಾವಾಗಿ ತಿಂಗಳು ತುಂಬಿರಲಿಲ್ಲ. ಆಕೆ ಮಾತ್ರ ಹಣೆಗೆ ಕಾಸಗಲ ಕುಂಕುಮ ಇಟ್ಟುಕೊಂಡೇ ಹೊರಟಿದ್ದಳು.

ಆಕೆಯ ಗಂಡ ಹಾಲಸಿದ್ದಪ್ಪ ಕಾಲುವೆಯ ಗೇಟು ಎತ್ತಿ ಇಳಿಸಿ ನಿವೃತ್ತನಾದವನು. ಸತ್ತರೂ ಸರಕಾರಕ್ಕೆ ಹೇಳಬೇಕು, ಬದುಕಿದ್ದರೂ ಹೇಳಬೇಕು. ನವೆಂಬರ್ ಬಂತೆಂದರೆ ಬ್ಯಾಂಕಿಗೆ ಹೋಗಿ ಮುಖ ತೋರಿಸಬೇಕು. ಇಲ್ಲದಿದ್ದರೆ ಪಿಂಚಣಿ ನಿಂತುಹೋಗುತ್ತದೆ. ಮನೆಯ ಒಲೆ ಉರಿಯುವುದೇ ಅದರಿಂದ.

"ಕೆಮ್ಮು ಕೆಮ್ರಿ."

ಮುದುಕ ಕೆಮ್ಮಿದ.

"ಇದು ಕೆಮ್ಮಾ? ಕುರಿ ಸೀನಿದಂಗೈತಿ. ಅವರು ಕೆಮ್ಮಿದ್ರ ಓಣಿ ನಾಯಿ ಎದ್ದು ಓಡ್ತಿದ್ವು."

"ಸತ್ತವರ ಕೆಮ್ಮು ನನಗೆಲ್ಲಿಂದ ಬರ್ಬೇಕು," ಮುದುಕ ಗೊಣಗಿದ. "ಒಂದ ಹೊಟ್ಯಾಗ ಹುಟ್ಟೀವಿ, ಮುಖ ಒಂದ ಐತಿ. ಸಾಲ್ದೇನು?"

"ಆ ಗುಮಾಸ್ತ ಭಾಳ ಶ್ಯಾಣ್ಯಾ ಅದಾನ. ಸುಮ್ನ ಕಾಲು ಎಳೀರಿ."

ಬ್ಯಾಂಕಿನಲ್ಲಿ ಗುಮಾಸ್ತ ಶಶಿಕಾಂತ್ ಕನ್ನಡಕದ ಮೇಲಿಂದ ನೋಡಿದ.

"ಬರ್ರಿ ಹಾಲಸಿದ್ದಪ್ಪ. ಡ್ಯೂಟಿ ಎಲ್ಲಿತ್ತು ನಿಮ್ದು?"

ಮುದುಕ ಕಾಲುವೆಯ ಒಂದೊಂದು ತೂಬಿನ ಹೆಸರನ್ನೂ ಹೇಳಿದ. ಸಾಹೇಬರ ಹೆಸರು ಹೇಳಿದ. ಸಾಹೇಬರ ನಾಯಿಯ ಹೆಸರನ್ನೂ ಹೇಳಿದ. ಹೇಳುವ ಹುರುಪಿನಲ್ಲಿ ಕೆಮ್ಮು ಮರೆತ. ಸಹಿ ಹಾಕಲು ಮುಂದೆ ಬರುವಾಗ ಕಾಲನ್ನೂ ಮರೆತ.

ಶಶಿಕಾಂತ್ ಪೆನ್ನಿಗೆ ಮುಚ್ಚಳ ಹಾಕಿದ.

"ಹೋದ ವರ್ಷ ಕೇಳಿದ್ರ ಏನೂ ನೆನಪಿಲ್ಲ ಅಂದ್ರಿ. ಈ ವರ್ಷ ನಾಯಿ ಹೆಸರೂ ನೆನಪೈತಿ, ಹರೇದವರಂಗ ನಡೀತೀರಿ. ಯಜಮಾನ್ರ, ನೀವು ಹಾಲಸಿದ್ದಪ್ಪ ಅಲ್ಲ. ನಿವೃತ್ತಿ ಆದಾಗ್ಲಿಂದ ನಾ ಅವರನ್ನ ನೋಡೀನಿ. ಅವರನ್ನ ಕರ್ಕೊಂಡು ಬರ್ರಿ. ಇಲ್ಲಾಂದ್ರ ಪಿಂಚಣಿ ಬಂದ್."

ದಾಕ್ಷಾಯಣಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಎಲ್ಲಿಂದ ಕರ್ಕೊಂಬರ್ಲಿ ಸರ," ಎಂದ ಮುದುಕ. "ಅವ ನಮ್ಮಣ್ಣ, ಹೋದ ಅಮಾಸಿಗೆ ತೀರ್ಕೊಂಡ. ಮೊದಲ್ನೇ ವರ್ಷ ನನಗ ಜ್ವರ ಬಂದಿತ್ತಂತ ಅವನ್ನ ಕಳಿಸಿದ್ದೆ. ನೀವು ಅವನ್ನ ಹಾಲಸಿದ್ದಪ್ಪ ಅಂತ ಗುರ್ತು ಹಿಡಿದಮ್ಯಾಲೆ, ಖರೇ ಹಾಲಸಿದ್ದಪ್ಪ ನಾನ ಆದ್ರೂ ಇಲ್ಲಿಗೆ ನಾ ಬರೋಹಂಗಿರಲಿಲ್ಲ."