ಹೊಲಿಗೆ ಇಲ್ಲದ ಉಡುಪು

"ಕೈ ಎತ್ತಮ್ಮ, ಅಲ್ಲಾಡ್ಬ್ಯಾಡ," ಎಂದಳು ರಶ್ಮಿತಾ.

ದಾವಣಗೆರೆಯ ಫ್ಯಾಷನ್ ಡಿಸೈನ್ ಕಾಲೇಜಿನಲ್ಲಿ, ಸಂದರ್ಶನದ ಕೊಠಡಿಯ ಪಕ್ಕದ ಕೋಣೆಯಲ್ಲಿ ಅವಳು ತಾಯಿ ಚೌಡೇಶ್ವರಿಗೆ ಬಿಳಿ ಬಟ್ಟೆ ಸುತ್ತುತ್ತಿದ್ದಳು. ಹನ್ನೊಂದಕ್ಕೆ ಸಂದರ್ಶನ. ತಾನೇ ರೂಪಿಸಿದ ಉಡುಪೊಂದನ್ನು ಯಾರಿಗಾದರೂ ಉಡಿಸಿ ತೋರಿಸಬೇಕು. ಗೆದ್ದವರಿಗೆ ಶುಲ್ಕವಿಲ್ಲದ ಸೀಟು. ಇರುವುದು ಒಂದೇ.

"ಗಂಡ ಬದುಕಿರೋಳು ಮೈತುಂಬ ಬಿಳಿ ಉಡೋದೇನೇ? ನೋಡಿದೋರು ಏನಂದಾರು?"

"ಫಾರಿನ್ನಲ್ಲಿ ಮದುಮಗಳು ಬಿಳೀನೇ ಉಡ್ತಾಳಮ್ಮ. ಸುಮ್ನಿರು."

ಚೌಡೇಶ್ವರಿ ಕೈ ಎತ್ತಿದಳು. ಮಗಳ ಪಿಯುಸಿ ಮುಗಿದ ದಿನವೇ ಗಂಡ ಕೊಟ್ಟೂರೇಶ್ ಕಡ್ಡಿ ಮುರಿದಂತೆ ಹೇಳಿದ್ದ: ಪುಕ್ಕಟೆ ಸೀಟು ಸಿಕ್ಕರೆ ಓದಲಿ, ಇಲ್ಲವಾದರೆ ಆವರಗೆರೆಯ ವರನಿಗೆ ಹೂಂ ಅನ್ನಲಿ. ಮಗಳಿಗೆ ಆ ಗತಿ ಬರಬಾರದೆಂದು ತಾಯಿ ಬಿಳಿ ಬಟ್ಟೆಗೂ ಮೈ ಒಡ್ಡಿ ನಿಂತಿದ್ದಳು.

ಮೇಜಿನ ಮೇಲೆ ಫೋನ್ ಮೂರನೇ ಸಲ ಬಡಿದುಕೊಂಡಿತು. ಸಬಾ.

ನಿಜ ಹೇಳಬೇಕೆಂದರೆ ಈ ಉಡುಪು ರಶ್ಮಿತಾಳದ್ದಲ್ಲ. ಕಂಡವರ ದುಡ್ಡಿನಲ್ಲಿ ಯಲ್ಲಮ್ಮನ ಜಾತ್ರೆ. ಹರಿಹರದ ಸಬಾ ಅವಳ ಒಂದೇ ಬೆಂಚಿನ ಗೆಳತಿ. ಇಬ್ಬರ ಕಣ್ಣೂ ಇದೇ ಸೀಟಿನ ಮೇಲಿತ್ತು. ಸಬಾಳ ಕೈಯೋ, ದೇವರು ಕೊಟ್ಟ ಕೈ. ಆದರೆ ತಾಯಿಗೆ ಕಾಯಿಲೆಯೆಂದು ಎರಡು ತಿಂಗಳಿಂದ ಅವಳು ಮನೆ ಬಿಟ್ಟು ಕದಲಿರಲಿಲ್ಲ. "ನಿನ್ನ ಅರ್ಜಿ ನಾನೇ ಕೊಟ್ಟು ಬರ್ತೀನಿ, ಚಿತ್ರದ ಪುಸ್ತಕಾನೂ ಕೊಡು," ಎಂದು ರಶ್ಮಿತಾ ಹೋದ ತಿಂಗಳು ಇಸಿದುಕೊಂಡು ಬಂದಿದ್ದಳು. ಅರ್ಜಿ ಹರಿಹರದ ಬಸ್ ಸ್ಟ್ಯಾಂಡಿನ ಕಸದ ಡಬ್ಬಿ ಸೇರಿತು. ಪುಸ್ತಕ ಚೀಲದಲ್ಲೇ ಉಳಿಯಿತು.

ಅವಳ ಕಣ್ಣು ಕುಕ್ಕಿದ್ದು ಕೊನೆಯ ಹಾಳೆ. ಐದೇ ತುಂಡು ಬಿಳಿ ಬಟ್ಟೆ. ಹೊಲಿಗೆ ಇಲ್ಲ, ತೋಳಿಲ್ಲ, ಜೇಬಿಲ್ಲ. ಪಕ್ಕದಲ್ಲಿ ಅಳತೆ, ಮೇಲೆ ಬಳ್ಳಿ ಬಿಟ್ಟಂತೆ ಅವಳಿಗೆ ಓದಲು ಬಾರದ ಒಂದು ಉರ್ದು ಸಾಲು.

"ಇದ್ಯಾರ ಡಿಸೈನೇ?" ಎಂದು ಅವತ್ತೇ ಕೇಳಿದ್ದಳು.

"ನಮ್ಮಜ್ಜಿ ಕಲಿಸಿದ್ದು. ಬಡವ್ರಿಗೂ ಇದೇ, ಸಾವ್ಕಾರ್ರಿಗೂ ಇದೇ." ಸಬಾ ಒಳಗೆ ಮಲಗಿದ್ದ ತಾಯಿಯ ಕಡೆ ನೋಡಿ ದನಿ ತಗ್ಗಿಸಿದ್ದಳು. "ಒಂದೇ ಸಲ ಉಡೋದು."

ಮದುವೆಯದ್ದೇ ಇರಬೇಕು ಎಂದುಕೊಂಡಳು ರಶ್ಮಿತಾ. ಅಜ್ಜಿ ಶಹಜಾದಿಯನ್ನು ಓಣಿಯವರು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಕರೆಯುತ್ತಿದ್ದುದನ್ನು ಅವಳೇ ಕಂಡಿದ್ದಳು. ಮುದುಕಿ ಕತ್ತರಿ ಹಿಡಿದು ಹೊರಡುತ್ತಿದ್ದಳು. ಕೂಲಿ ಮಾತ್ರ ಮುಟ್ಟುತ್ತಿರಲಿಲ್ಲ.

ಫೋನ್ ಮತ್ತೆ ಬಡಿದುಕೊಂಡಿತು. ಈ ಸಲ ಎತ್ತಿದಳು.

"ರಶ್ಮಿ, ಆ ಪುಸ್ತಕ ಈಗ್ಲೇ ಬೇಕು ಕಣೆ." ಸಬಾಳ ದನಿ ಒಡೆದಿತ್ತು. "ಅಜ್ಜಿಗೆ ಕಣ್ಣು ಕಾಣಲ್ಲ, ನಾನೇ ಕತ್ತರಿಸ್ಬೇಕು. ಅಳತೆ ಎಲ್ಲಾ ಅದ್ರಾಗೇ ಐತೆ. ಮಧ್ಯಾಹ್ನದೊಳಗೆ ಆಗ್ಬೇಕು. ಅಮ್ಮಿ..."

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಇವಳಿಗೆ ಸಂದರ್ಶನದ ಸುದ್ದಿ ಮುಟ್ಟಿದೆ, ಇನ್ನೊಂದು ಉಡುಪು ಮಾಡಿ ತರುತ್ತಾಳೆ ಎಂದುಕೊಂಡಳು ರಶ್ಮಿತಾ.

"ಪುಸ್ತಕ ಬಸ್ಸಿನಾಗೆ ಕಳದೋತು ಕಣೆ," ಎಂದವಳೇ ಫೋನ್ ಆರಿಸಿಬಿಟ್ಟಳು.

ಸಂದರ್ಶನದ ಕೊಠಡಿಯೊಳಗೆ ಮೂವರು ಕೂತಿದ್ದರು. ಚೌಡೇಶ್ವರಿ ಬಾಗಿಲು ದಾಟಿದ್ದೇ ತಡ, ನಡುವೆ ಇದ್ದ ಹಿರಿಯ ಟೀಚರ್ ನುಜತ್ ಮೇಡಂ ಎದ್ದು ನಿಂತರು. ಸೀಟು ಸಿಕ್ಕಿತು ಎಂದುಕೊಂಡಳು ರಶ್ಮಿತಾ.

"ಇದು ನೀನೇ ಮಾಡಿದ ಡಿಸೈನಾ?"

"ನಂದೇ ಮೇಡಂ."

"ಯಾರಿಗೆ ಅಂತ ಮಾಡಿದೆ?"

"ನಮ್ಮಮ್ಮಂಗೆ." ಈ ಮಾತನ್ನು ಅವಳು ಮನೆಯಲ್ಲೇ ಉರು ಹೊಡೆದಿದ್ದಳು. "ಅಮ್ಮಂಗೆ ಇದನ್ನ ಉಡಿಸಿ ಊರಿಗೆಲ್ಲಾ ತೋರಿಸ್ಬೇಕು ಅಂತ ಭಾಳ ದಿನದ ಆಸೆ ಮೇಡಂ."

ನುಜತ್ ಹತ್ತಿರ ಬಂದು ಹೊದಿಕೆಯ ಅಂಚು ಹಿಡಿದರು. ಹಾಳೆಯ ಮೇಲಿದ್ದ ಆ ಸಾಲನ್ನು ರಶ್ಮಿತಾ ಅಂಚಿನುದ್ದಕ್ಕೂ ಚಿನ್ನದ ಬಣ್ಣದಲ್ಲಿ, ಒಂದು ಚುಕ್ಕೆಯೂ ತಪ್ಪದಂತೆ ಇಳಿಸಿದ್ದಳು.

"ಮೂರು ದಿನ ಕೂತು ಬರ್ದಾಳ್ರಿ," ಎಂದಳು ಚೌಡೇಶ್ವರಿ. ನಾಚಿಕೆ ಹೋಗಿ ಅವಳಿಗೆ ಹೆಮ್ಮೆ ಬಂದಿತ್ತು. "ಬಳ್ಳಿ ಚೆಂದ ಬಂದೈತಲ್ರಿ?"

"ಬಳ್ಳಿ ಅಲ್ಲಮ್ಮ, ಉರ್ದು," ಎಂದರು ನುಜತ್. ರಶ್ಮಿತಾಳ ಕಡೆ ತಿರುಗಿದರು. "'ಅಮ್ಮಿಯ ಕಫನ್' ಅಂತ ಬರೆದಿದೆ. ಹೆಣಕ್ಕೆ ಉಡಿಸೋ ಬಟ್ಟೆ ಇದು. ಯಾರ ಅಮ್ಮಿದು ಮಗಳೇ ಈ ಅಳತೆ?"