ಬಾರದ ಗೇರ್‌ಬಾಕ್ಸ್

"ಇನ್ನೂ ಬಂದಿಲ್ವಾ? ಈ ಜನ್ಮದಲ್ಲಿ ಬರುತ್ತೋ ಇಲ್ವೋ, ಅದನ್ನಾದ್ರೂ ಹೇಳಮ್ಮ."

ನಾರ್ಮಂಡ್ ಥಿಬೊಡೊ, ತನ್ನ ಕಾರು ರಿಪೇರಿಯಾಗುವವರೆಗೆ ಅಂಗಡಿಯವರು ಕೊಟ್ಟಿದ್ದ ಬದಲಿ ಕಾರಿನ ಕೀಲಿಯನ್ನು ಕೌಂಟರಿನ ಮೇಲೆ ಕುಕ್ಕಿದ. ಸರ್ವಿಸ್ ವಿಭಾಗದ ಡಾರ್ಲಾ ಕಂಪ್ಯೂಟರ್ ಪರದೆಯಿಂದ ಕಣ್ಣೆತ್ತಲಿಲ್ಲ.

"ಕಾರ್ಖಾನೆಯಿಂದಲೇ ಬರ್ಬೇಕು ಸರ್. ಹಿಮ ಕರಗೋ ಹೊತ್ತಿಗೆ ಬರ್ಬಹುದು."

"ಹೋದ ಸಲ ಎಲೆ ಉದುರೋ ಹೊತ್ತಿಗೆ ಅಂದಿದ್ರಿ."

ಕಾಯುತ್ತಿದ್ದ ಗಿರಾಕಿಗಳು ಮುಖ ಮುಖ ನೋಡಿಕೊಂಡರು. ವಾರಂಟಿ ಮುಗಿಯುವವರೆಗೂ ಎಳೆಯುವ ಹಳೇ ಆಟ ಎಂದು ಒಬ್ಬ ಗೊಣಗಿದ. ಡಾರ್ಲಾಳ ಕಿವಿ ಕೆಂಪಾಯಿತು.

ಕಾರು ಹೊಸದು. ಎರಡರಿಂದ ಮೂರನೇ ಗೇರಿಗೆ ತಾನಾಗಿ ಬದಲಾಗುವಾಗ ಹಿಂದಿನಿಂದ ಯಾರೋ ಒದ್ದಂತೆ ಜಗ್ಗುತ್ತದೆ ಎಂಬುದು ನಾರ್ಮಂಡನ ದೂರು. ನಿವೃತ್ತಿಯವರೆಗೂ ಲೂಯಿಸ್ಟನ್ ಊರಿನ ಶಾಲಾ ಬಸ್ಸು ಓಡಿಸಿ, ಅದರ ಮೈಗೆ ಒಂದು ಗೀರೂ ಬೀಳಿಸದವನ ಮಾತು. ಯಾರೂ ಅನುಮಾನಿಸಲಿಲ್ಲ. ಮೆಕ್ಯಾನಿಕ್ ಎಣ್ಣೆ ಪರೀಕ್ಷಿಸಿದ, ಹೊಸ ಸಾಫ್ಟ್‌ವೇರ್ ಹಾಕಿದ. ಓಡಿಸುವವರ ಕಾಲಿನ ಅಭ್ಯಾಸ ನೋಡಿ ಗೇರ್‌ಬಾಕ್ಸ್ ಕಲಿತದ್ದನ್ನೆಲ್ಲ ಅಳಿಸಿ ಮೊದಲಿನಿಂದ ಕಲಿಸಿದ. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಓಡಿತು. ಕೆಲವೇ ದಿನಕ್ಕೆ ನಾರ್ಮಂಡ್ ಮತ್ತೆ ಬಾಗಿಲಲ್ಲಿ ನಿಂತಿದ್ದ: "ಜಗ್ಗುತ್ತೆ." ಹೊಸ ಗೇರ್‌ಬಾಕ್ಸಿಗಾಗಿ ಕಾಯುವುದು ಶುರುವಾದದ್ದು ಅಲ್ಲಿಂದ.

"ಹೋಗ್ರಿ, ಒಂದು ಕಾಫಿ ಕುಡ್ಕೊಂಡು ಬನ್ನಿ. ತಲೆ ತಣ್ಣಗಾಗ್ಲಿ," ಎಂದಳು ಪಕ್ಕದಲ್ಲೇ ನಿಂತಿದ್ದ ಹೆಂಡತಿ ಕ್ಲಾರಿಸ್.

ಅವನು ಮೂಲೆಯ ಕಾಫಿ ಯಂತ್ರದತ್ತ ನಡೆದದ್ದೇ ತಡ, ಆಕೆ ಕೌಂಟರಿನ ಮೇಲೆ ಬಾಗಿದಳು.

"ಇನ್ನೂ ಸ್ವಲ್ಪ ದಿನ ಹೀಗೇ ಹೇಳ್ತಿರಮ್ಮ."

"ಕಾರಲ್ಲಿ ಏನೂ ದೋಷ ಇಲ್ಲ ಅಂತ ಹೇಳ್ಬಿಡೋಣ ಮೇಡಂ. ನಮ್ಮ ಮ್ಯಾನೇಜರ್ ನನ್ನ ತಲೆ ತಿಂತಿದಾರೆ."

"ಹೇಳಿದ್ರೆ ನಾಳೆನೇ ಓಡಿಸ್ತಾರೆ. ಸಕ್ಕರೆ ಕಾಯಿಲೆ, ಬಲಗಾಲು ಮರಗಟ್ಟಿದೆ. ಪೆಡಲ್ ಎಷ್ಟು ಒತ್ತಿದೀನಿ ಅಂತ ಅವರಿಗೇ ತಿಳಿಯಲ್ಲ. ಜಗ್ಗೋದು ಗೇರಲ್ಲ, ಆ ಕಾಲು. ಕಾರನ್ನ ಇಲ್ಲಿ ಬಿಡೋಕೆ ಮುಂಚೆ ಶಾಲೆ ಮುಂದೆ ಒಂದು ಮಗು ಕೂದಲೆಳೆಯಲ್ಲಿ ಉಳ್ಕೊಳ್ತು. ಕಾರಿನ ತಪ್ಪು ಅಂತಲೇ ನಂಬಿದಾರೆ. ತನ್ನದು ಅಂತ ಗೊತ್ತಾದ್ರೆ ಆ ಮನುಷ್ಯ ಉಳಿಯಲ್ಲ."

ಡಾರ್ಲಾ ಪರದೆಯತ್ತ ತಿರುಗಿ 'ಗೇರ್‌ಬಾಕ್ಸ್ ಬಂದಿಲ್ಲ' ಎಂದು ಮತ್ತೆ ದಾಖಲಿಸಿದಳು.

ಕ್ಲಾರಿಸ್ ಕೀಲಿ ಎತ್ತಿಕೊಂಡು ಹೊರಗೆ ನಡೆದಳು. ಮದುವೆಯಾದಾಗಿನಿಂದ ಸ್ಟಿಯರಿಂಗ್ ಎಂದರೆ ಬೆವರುತ್ತಿದ್ದವಳು. ಈ ಬೆಂಕಿಪೊಟ್ಟಣದಂಥ ಬದಲಿ ಕಾರಿನಲ್ಲಿ ನನ್ನ ಮೊಣಕಾಲು ಹಿಡಿಸುವುದಿಲ್ಲ, ಬೇಕಾದರೆ ನೀನೇ ಓಡಿಸು ಎಂದು ಗಂಡ ಹಟ ಹಿಡಿದದ್ದರಿಂದ ಕಲಿಯಲೇಬೇಕಾಗಿತ್ತು.

ನಾರ್ಮಂಡ್ ಕಾಫಿ ಲೋಟ ಹಿಡಿದು ಬಂದ. ಹೆಂಡತಿ ಹಿಮದ ರಾಶಿಗಳ ನಡುವಿನಿಂದ ಕಾರನ್ನು ನಾಜೂಕಾಗಿ ಹಿಂದಕ್ಕೆ ತೆಗೆಯುವುದನ್ನು ಗಾಜಿನ ಈಚೆಯಿಂದ ನೋಡುತ್ತ ನಿಂತ. ಅವಳು ಸಲೀಸಾಗಿ ಹೊರಳಿಸಿಕೊಂಡದ್ದು ಕಂಡ ಮೇಲೆ, ಬೇರೆ ಗಿರಾಕಿಗಳಿಗೆ ಕೇಳದಂತೆ ದನಿ ತಗ್ಗಿಸಿದ.

"ನನ್ನ ಬೈಗುಳಕ್ಕೆ ಬೇಜಾರಾಗ್ಬೇಡಮ್ಮ, ಕೆಟ್ಟಿರೋದು ಕಾರೇ ಅಂತ ಅವಳು ನಂಬಬೇಕಲ್ಲ, ಸತ್ತಿರೋದು ನನ್ನ ಕಾಲು ಅಂತ ಶಾಲೆ ಮುಂದೆ ಒಂದು ಮಗು ನನ್ನ ಕಾರಿಂದ ತಪ್ಪಿಸ್ಕೊಂಡ ದಿನವೇ ನಂಗೆ ಗೊತ್ತಾಯ್ತು, ಅವಳ ಪಾಲಿಗೆ ಮಾತ್ರ ಗೇರ್‌ಬಾಕ್ಸ್ ಅಂತಲೇ ಇರ್ಲಿ."