ಕಲ್ಲಿನ ಮದುಮಗಳು

ಮದುಮಗಳ ಕಣ್ಣು ಬಿಡಿಸಲೆಂದು ಅರಾಕೆಲ್ ಉಳಿ ಇಟ್ಟಿದ್ದ. ಅಷ್ಟರಲ್ಲಿ ಗುಹಾರ್ ಬಂದು ಕಲ್ಲಿನ ಆ ಮುಖದ ಮೇಲೆ ಅಂಗೈ ಊರಿದಳು.

"ಕೈ ತೆಗಿ ಹುಡುಗಿ. ಉಳಿಗೆ ಕಣ್ಣಿಲ್ಲ."

"ನಿನಗಿದೆಯಲ್ಲ ಅಜ್ಜಾ. ಇವಳು ಯಾರು, ಹೇಳು?"

ಅರಾಕೆಲ್ ಸುತ್ತಿಗೆ ಕೆಳಗಿಟ್ಟ. ಯಾರೆಂದು ಸೆವಾನ್ ಸರೋವರದ ದಂಡೆಯ ಆ ಊರಿಗೆಲ್ಲ ಗೊತ್ತಿತ್ತು. ವನೇನಿಯ ಒಬ್ಬನೇ ಮಗ ಅವಾಗ್ ಕುರಿಮಂದೆ ಹೊಡೆದುಕೊಂಡು ಕಣಿವೆ ದಾಟುವಾಗ ಹಿಮ ಕುಸಿದು ಸತ್ತಿದ್ದ. ಗುಹಾರಳಿಗೂ ಅವನಿಗೂ ನಿಶ್ಚಿತಾರ್ಥವಾಗಿತ್ತು, ಮದುವೆ ಆಗಿರಲಿಲ್ಲ. ಹಾಗೆ ಹೋದವನಿಗೆ ಗೋರಿಕಲ್ಲಿನ ಮೇಲಾದರೂ ಮದುವೆ ಮಾಡಿಸುವುದು ಊರಿನ ಪದ್ಧತಿ. ಶಿಲುಬೆಯ ಒಂದು ಪಕ್ಕ ದ್ರಾಕ್ಷಾರಸದ ಹೂಜಿ, ತಂತಿವಾದ್ಯ ಹಿಡಿದವನು. ಇನ್ನೊಂದು ಪಕ್ಕ ಕೈ ಹಿಡಿದು ನಿಂತ ಗಂಡು ಹೆಣ್ಣು.

"ಕೆಳಗಿನ ಊರಿಂದ ನನ್ನ ಕೇಳೋಕೆ ಬಂದಿದ್ರು," ಎಂದಳು ಗುಹಾರ್. "ನಿನ್ನ ಅಂಗಳದ ಮುಂದೇನೇ ಹಾದಿ. ಈ ಕಲ್ಲು ನೋಡಿದ್ರು, ಹಾಗೇ ಕತ್ತೆ ತಿರುಗಿಸ್ಕೊಂಡು ಹೋದ್ರು. ಸತ್ತೋನ ಹೆಂಡ್ತೀನ ಯಾರು ಕೇಳ್ತಾರೆ?"

ಮಗನ ಕಲ್ಲು ನೋಡಲು ದಿನವೂ ಬರುತ್ತಿದ್ದ ವನೇನಿ, ಗುಡಿಸುತ್ತಿದ್ದ ಪೊರಕೆ ಬಿಸಾಡಿ ಎದ್ದಳು. "ಮತ್ತೆ ನನ್ ಮಗ ಒಬ್ಬಂಟಿಯಾಗಿ ಇರ್ಬೇಕಾ? ಉಂಗುರ ಹಾಕಿಸ್ಕೊಳ್ಳೋವಾಗ ನಗ್ತಿದ್ದೆ. ಈಗ ಪಕ್ಕದಲ್ಲಿ ನಿಲ್ಲೋಕೆ ಭಾರ ಆಯ್ತಾ?"

"ನಗ್ತಿದ್ದೆ ಅತ್ತೆ, ಸುಳ್ಳು ಹೇಳಲ್ಲ. ಅವನು ಇದ್ದಿದ್ರೆ ನಿಮ್ಮನೆ ನೆಲದೊಲೇಲಿ ರೊಟ್ಟಿ ತಟ್ತಿದ್ದೆ, ಸುಟ್ಟೋಯ್ತು ಅಂತ ನಿಮ್ ಹತ್ರ ಬೈಸ್ಕೊಳ್ತಾನೂ ಇದ್ದೆ." ಗುಹಾರ್ ಕಲ್ಲಿನ ಮೇಲಿಂದ ಅಂಗೈ ಎತ್ತಲಿಲ್ಲ. "ಸತ್ತೋರ ದಿನ ಬಂದು ಅವನಿಗೆ ಸಾಂಬ್ರಾಣಿ ಹಾಕ್ತೀನಿ, ಮಕ್ಕಳಾದ್ರೆ ಅವನ್ನೂ ಕರ್ಕೊಂಡು ಬರ್ತೀನಿ. ನಡ್ಕೊಂಡು ಬರೋ ನಾನು ಬೇಕೋ, ಅಲ್ಲಾಡದೆ ನಿಲ್ಲೋ ಇವಳು ಬೇಕೋ, ನೀವೇ ಹೇಳಿ. ಎರಡೂ ಆಗೋಕೆ ನನ್ ಕೈಲಿ ಆಗಲ್ಲ."

ವನೇನಿ ಅವಳ ಮುಖ ನೋಡಿದಳು. ಆಮೇಲೆ ಕಲ್ಲಿನ ಮದುಮಗಳ ತಲೆಯ ಮೇಲಿದ್ದ ಕಿರೀಟವನ್ನು ಬೆರಳಲ್ಲಿ ಮುಟ್ಟಿದಳು.

"ಆ ಮದುವೆ ಕಿರೀಟ ಅಳಿಸೋಕಾಗುತ್ತಾ ಅಣ್ಣಾ?" ಎಂದಳು.

"ಅಳಿಸೋದು ಅಂತಿಲ್ಲ ತಾಯಿ. ಕೆತ್ತಿ ಇಳಿಸಿ, ತಲೆವಸ್ತ್ರ ಮಾಡ್ಬಹುದು."

"ಮಾಡು. ಬಾಯಿ ಮೇಲೂ ಬಟ್ಟೆ ಎಳಿ, ನಂಗಿರೋ ಹಾಗೆ. ಹೆಗಲು ಒಂಚೂರು ಬಗ್ಗಿಸು. ಅವನ ಪಕ್ಕ ನಾನೇ ನಿಲ್ತೀನಿ."

ಗುಹಾರ್ ಕಲ್ಲಿನಿಂದ ಕೈ ತೆಗೆದಳು. ಕೆಂಪು ಧೂಳು ಮೆತ್ತಿದ ಅದೇ ಕೈಯಲ್ಲಿ ವನೇನಿಯ ಕೈ ಹಿಡಿದು ಮುತ್ತಿಟ್ಟು, ತಲೆಯೆತ್ತಿಕೊಂಡೇ ಹೊರಟುಹೋದಳು.

"ಮೀಸೆ ಬಂದ ಮಗನ್ನ ಕೈ ಹಿಡ್ಕೊಂಡು ನಡೆಸ್ತೀಯಾ ವನೇನಿ?" ಅರಾಕೆಲ್‌ಗೆ ಸಣ್ಣ ನಗು. "ನೋಡಿದೋರು ಏನಂತಾರೆ?"

"ಏನಾದ್ರೂ ಅಂದ್ಕೊಳ್ಲಿ." ವನೇನಿ ಇದ್ದಿಲ ಚೂರು ಎತ್ತಿಕೊಂಡು, ಇನ್ನೂ ಕೆತ್ತದೆ ಉಳಿದಿದ್ದ ಕೈಗಳ ಜಾಗದಲ್ಲಿ ಗೆರೆ ಎಳೆದಳು. "ಬೆರಳು ಹಿಡಿಸ್ಬೇಡ. ಮಣಿಕಟ್ಟು ಹಿಡಿಸು. ಬೆರಳಾದ್ರೆ ಬಿಡಿಸ್ಕೊಂಡು ಓಡ್ತಾನೆ."